ಅಭಾವ ಮೀಮಾಂಸೆ: ಸರ್ಜಾಪುರ ರಸ್ತೆಯ ಹೊಸ ಫ್ಲ್ಯಾಟನ್ನು ಮುಂದಿಟ್ಟುಕೊಂಡು

ವೈಶೇಷಿಕರು ದ್ರವ್ಯ, ಗುಣ, ಕರ್ಮ ಮೊದಲಾದ ಆರು ಪದಾರ್ಥಗಳನ್ನು ಎಣಿಸಿದ ಮೇಲೆ, ಇಲ್ಲದಿರುವುದೂ ಒಂದು ಪದಾರ್ಥವೇ ಎಂದು ಏಳನೆಯದಾಗಿ ಅಭಾವವನ್ನು ಸೇರಿಸಿಕೊಂಡರು. ಅವರಲ್ಲಿ ಯಾರೂ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಬಾಡಿಗೆ ಮನೆ ಹುಡುಕಿದವರಲ್ಲ. ಆದರೂ ಹೊಸ ಅಪಾರ್ಟ್‌ಮೆಂಟಿನಲ್ಲಿ ನಾವು ದುಡ್ಡು ಕೊಡುವುದು ಯಾವುದಕ್ಕೆ ಎಂಬುದನ್ನು ಅವರಷ್ಟು ಖಚಿತವಾಗಿ ಯಾವ ಬ್ರೋಕರೂ ಹೇಳಿಲ್ಲ.

ಅಭಾವದ ಬಗೆಗಳಲ್ಲಿ ಮೊದಲು ಪ್ರಾಗಭಾವ, ಅಂದರೆ ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಕಾವೇರಿ ನೀರು ಇದಕ್ಕೆ ಉದಾಹರಣೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಅದರ ಸಾಮರ್ಥ್ಯ. ಊರಿಗೆ ಬಂದದ್ದು ದಿಟ. ಫ್ಲ್ಯಾಟಿಗೆ? “ಲೈನ್ ಎಳೆದಾಗಿದೆ ಸಾರ್, ಕನೆಕ್ಷನ್ ಒಂದೇ ಬಾಕಿ.” ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು ಎಂಬುದು ತಾರ್ಕಿಕರ ಮತ. ಬ್ರೋಕರನ ಮತವೂ ಅದೇ. ಅಂತ್ಯ ಮುಂದಿನ ತಿಂಗಳು. ಅಲ್ಲಿಯವರೆಗೆ ಟ್ಯಾಂಕರು. ಈಜುಕೊಳ, ಕ್ಲಬ್‌ಹೌಸು, ಎರಡನೇ ಲಿಫ್ಟುಗಳೂ ಇದೇ ವರ್ಗದವು. ಬಾಡಿಗೆಯ ಅಂಕಿಯೊಳಗೆ ಮಾತ್ರ ಅವು ಆಗಲೇ ಹುಟ್ಟಿ ಬೆಳೆದು ನಿಂತಿರುತ್ತವೆ.

ಪ್ರಧ್ವಂಸಾಭಾವಕ್ಕೆ, ಅಂದರೆ ವಸ್ತು ನಾಶವಾದ ಮೇಲಿನ ಇಲ್ಲದಿರುವಿಕೆಗೆ, ಆದಿಯುಂಟು, ಅಂತ್ಯವಿಲ್ಲ. ಇದು ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಡುವುದು ಈ ಊರಿನ ಹಳೆಯ ರೂಢಿ. ಚೌಕಾಸಿ ಬಲ್ಲವರು ಐದಾರಕ್ಕೆ ಇಳಿಸುವುದುಂಟು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಕೂಡದೆನ್ನುತ್ತದೆ. ಶಾಸ್ತ್ರಕ್ಕಿಂತ ರೂಢಿ ಬಲವತ್ತರ ಎಂಬ ಮಾತಿಗೆ ಇನ್ನು ಸಾಕ್ಷಿ ಬೇಡ. ಮನೆ ಬಿಡುವಾಗ ಇದರಲ್ಲಿ ಒಂದು ತಿಂಗಳದ್ದು ಪೇಂಟಿಂಗಿಗೆಂದು ಮುರಿದುಕೊಳ್ಳುತ್ತಾರೆ. “ಗೋಡೆಯ ಬಣ್ಣದ ವಾಸನೆಯೇ ಇನ್ನೂ ಹೋಗಿಲ್ಲವಲ್ಲ?” ಎಂಬ ಪೂರ್ವಪಕ್ಷ ನಿಲ್ಲುವುದಿಲ್ಲ. ಪೇಂಟಿಂಗ್ ಎಂಬುದು ಗೋಡೆಯ ಗುಣವಲ್ಲ, ಕರಾರಿನ ಗುಣ. ಆ ಕರಾರಾದರೋ ಹನ್ನೊಂದೇ ತಿಂಗಳದು: ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು. ಹಾಗಾಗಿ ಬೆಂಗಳೂರಿನ ಬಾಡಿಗೆದಾರನ ಪಂಚಾಂಗದಲ್ಲಿ ಪ್ರತಿವರ್ಷವೂ ಒಂದು ಕ್ಷಯಮಾಸ.

ಅನ್ಯೋನ್ಯಾಭಾವ: ಘಟ ಪಟವಲ್ಲ, ಫೋಟೋದಲ್ಲಿದ್ದ ಫ್ಲ್ಯಾಟು ಈ ಫ್ಲ್ಯಾಟಲ್ಲ. ಇಷ್ಟು ಸಾಕು.

ಅತ್ಯಂತಾಭಾವದಲ್ಲಿ, ಅಂದರೆ ಎಂದೆಂದೂ ಇಲ್ಲದಿರುವಿಕೆಯಲ್ಲಿ, ಓಸಿಯನ್ನು (ಕಟ್ಟಡದ ಸ್ವಾಧೀನಾನುಭವ ಪತ್ರವನ್ನು) ಸೇರಿಸಬಹುದೇ ಎಂಬುದು ವಿವಾದ. ಬಿಲ್ಡರು ಅದನ್ನು ಪ್ರಾಗಭಾವವೆನ್ನುತ್ತಾನೆ. ಓಸಿಯಿಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಚರ್ಚೆ ಬಿಸಿಯೇರಿತು. ಬಾಡಿಗೆದಾರನಿಗೆ ಆ ಬಿಸಿ ತಟ್ಟುವುದು ಟೆಂಪರರಿ ಕನೆಕ್ಷನ್ನಿನ ಬಿಲ್ಲಿನಲ್ಲಿ. ಓನರನ್ನು ಕೇಳೋಣವೆಂದರೆ ಆತ ಅಮೆರಿಕದಲ್ಲಿ. ಪ್ರತ್ಯಕ್ಷಕ್ಕೆ ಎಟುಕದೆ, ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಎಂಬ ಶಬ್ದಪ್ರಮಾಣದಿಂದಷ್ಟೇ ತಿಳಿಯತಕ್ಕ ತತ್ತ್ವ. ಅಪ್ಪಟ ಸಸ್ಯಾಹಾರಿಗಳೋ, ಮದುವೆಯಾಗಿದೆಯೋ ಎಂದು ಮಾತ್ರ ಆ ತತ್ತ್ವ ತಪ್ಪದೆ ವಿಚಾರಿಸುತ್ತದೆ.

ಹಾಗಾದರೆ ಹೊಸ ಫ್ಲ್ಯಾಟಿನಲ್ಲಿ ಇರುವ ಪದಾರ್ಥವೇ ಇಲ್ಲವೋ ಎಂದರೆ, ಉಂಟು: ಮೇಲಿನ ಮನೆಯ ಡ್ರಿಲ್ಲಿಂಗ್ ಮಷಿನ್ನು. ಅಲ್ಲಿ ಇಂಟೀರಿಯರ್ ಕೆಲಸ ನಡೆದಿದೆ. ಅದು ಮುಗಿಯುವುದೂ ಮುಂದಿನ ತಿಂಗಳೇ. ಆಮೇಲೆ ಪಕ್ಕದ ಮನೆಯದು ಶುರು.