ಸನ್ಮಾನ್ಯ ಯು/ಎ 16+ ಅವರ ಸನ್ನಿಧಾನಕ್ಕೆ

ಮಂಡಕಳ್ಳಿ, ಮೈಸೂರು

ಸನ್ಮಾನ್ಯರೇ,

ಸಿನಿಮಾ ಶುರುವಾಗುವ ಮುನ್ನ ಪ್ರಮಾಣಪತ್ರದ ರೂಪದಲ್ಲಿ ತಾವು ತೆರೆಯ ಮೇಲೆ ಬಂದು ನಿಲ್ಲುವ ಆ ನಾಲ್ಕಾರು ಸೆಕೆಂಡುಗಳಲ್ಲಿ ನಮ್ಮ ಕಡೆಯ ಯಾರೂ ತಮ್ಮ ಮುಖ ನೋಡುವುದಿಲ್ಲ. ಒಬ್ಬರು ಸೀಟು ಹುಡುಕುತ್ತಿರುತ್ತಾರೆ, ಒಬ್ಬರು ಮಗುವಿನ ಚಪ್ಪಲಿ ಹುಡುಕುತ್ತಿರುತ್ತಾರೆ, ಮುಂದಿನ ಸಾಲಿನಲ್ಲಿ ಆಗಲೇ ಶಿಳ್ಳೆ ಶುರುವಾಗಿರುತ್ತದೆ. ಕೇಂದ್ರ ಸರ್ಕಾರದ ಸಹಿ ಹೊತ್ತು ಬಂದವರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ! ಎದುರುಬದುರಾಗಿ ಮಾತಾಡಲು ಆಗದ್ದರಿಂದ ಈ ಕಾಗದ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಂಜನಗೂಡು ರಸ್ತೆಯಲ್ಲಿ ಮೈಸೂರಿನ ವಿಮಾನ ನಿಲ್ದಾಣ ಇದೆಯಲ್ಲ, ನಮ್ಮದು ಅದೇ ಮಂಡಕಳ್ಳಿ. ಮನೆಯಲ್ಲಿ ಹದಿನಾಲ್ಕರ ಮಗಳು, ಎಂಟರ ಮಗ, ಎಪ್ಪತ್ತು ದಾಟಿದ ಅತ್ತೆ ಮತ್ತು ವಯಸ್ಸು ಇಂತಿಷ್ಟೇ ಎಂದು ಹೇಳಲಾಗದ ಒಬ್ಬ ಯಜಮಾನರು. ಆಧಾರ್ ಕಾರ್ಡಿನಲ್ಲಿ ಅವರಿಗೆ ನಲವತ್ತೆರಡು. ಮೆಚ್ಚಿನ ನಟನ ಸಿನಿಮಾ ಬಿಡುಗಡೆಯಾಗುವ ದಿನ ಹತ್ತು. ಈ ಸಂಗತಿಯನ್ನು ತಾವು ಗಮನದಲ್ಲಿಟ್ಟುಕೊಳ್ಳಬೇಕು, ಏಕೆಂದರೆ ತಮ್ಮ ಇಡೀ ಸಂಸಾರ ನಿಂತಿರುವುದು ಇಂಥವರ ವಿವೇಚನೆಯ ಮೇಲೆ.

ತಮ್ಮ ವಂಶಾವಳಿಯನ್ನೂ ಅಷ್ಟಿಷ್ಟು ವಿಚಾರಿಸಿಕೊಂಡಿದ್ದೇನೆ. 1952ರ ಸಿನಿಮಾಟೊಗ್ರಾಫ್ ಕಾಯ್ದೆಯ ಮನೆತನ. ಬಹುಕಾಲ ಮನೆಯಲ್ಲಿದ್ದವರು ಇಬ್ಬರೇ: ಎಲ್ಲರಿಗೂ ಬೇಕಾದ ‘ಯು’, ವಯಸ್ಕರ ಸಹವಾಸದ ‘ಎ’. 1983ರಲ್ಲಿ ಇವರಿಬ್ಬರ ನಡುವೆ ರಾಜಿ ಪಂಚಾಯಿತಿಯಾಗಿ ‘ಯುಎ’ ಹುಟ್ಟಿದರು. ಆ ಸುಮಾರಿಗೇ ಸಿನಿಮಾಗಳಿಗೆ ಪ್ರಮಾಣಪತ್ರ ಕೊಡುವ ಕೇಂದ್ರದ ಮಂಡಳಿ ತನ್ನ ಹೆಸರಿನಿಂದ ‘ಸೆನ್ಸಾರ್’ ತೆಗೆದು ‘ಪ್ರಮಾಣೀಕರಣ’ ಸೇರಿಸಿಕೊಂಡಿತು. ನಮ್ಮ ಬಾಯಲ್ಲಿ ಅದು ಇವತ್ತಿಗೂ ಸೆನ್ಸಾರೇ. ಆಮೇಲೆ 2023ರ ತಿದ್ದುಪಡಿ ಬಂದು ಯುಎ ಮನೆ ಮೂರು ಪಾಲಾಯಿತು: 7+, 13+, 16+. ಮೂವರಲ್ಲಿ ತಾವೇ ಹಿರಿಯರು.

ಹಿರಿಯರು ಸರಿ, ಅಧಿಕಾರ ಎಷ್ಟು ಎಂದು ನೋಡಿದೆ. ಹದಿನಾರರ ಒಳಗಿನವರಿಗೆ ಪೋಷಕರ ವಿವೇಚನೆ ಬೇಕು ಎಂಬ ತಮ್ಮ ಮಾತನ್ನು ತಂದೆತಾಯಿ ಅಥವಾ ಪೋಷಕರ ಹೊರತು ಬೇರೆ ಯಾರೂ ಜಾರಿ ಮಾಡುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಅಂದರೆ ಗೇಟಿನಲ್ಲಿ ಟಿಕೆಟ್ ಹರಿಯುವವನು ನನ್ನ ಎಂಟು ವರ್ಷದ ಮಗನನ್ನು ಕಂಡು ‘ಇವನು ಚಿಕ್ಕವನಲ್ಲವೇನಮ್ಮಾ’ ಎಂದು ಕೇಳಿದರೆ ಅದು ಅವನ ಒಳ್ಳೆಯತನ ಅಷ್ಟೇ, ಡ್ಯೂಟಿಯಲ್ಲ. ನಮ್ಮೂರ ನಿಲ್ದಾಣದಲ್ಲಿ ಸೇಬು ಹೆಚ್ಚುವ ಚಾಕುವನ್ನು ಕೈಚೀಲದಲ್ಲಿಟ್ಟುಕೊಂಡು ವಿಮಾನ ಹತ್ತುವ ಹಾಗಿಲ್ಲ. ಅಲ್ಲಿಂದ ಬಸ್ಸು ಹಿಡಿದು ಮೈಸೂರಿನ ಟಾಕೀಸಿಗೆ ಹೋದರೆ ನಾಲ್ಕಡಿ ಲಾಂಗನ್ನು ಮೂರು ಗಂಟೆ ಮಗನಿಗೆ ತೋರಿಸಿಕೊಂಡು ಬರಬಹುದು. ಅಲ್ಲಿ ತಡೆಯುವ ಹಕ್ಕು ಇರುವುದು ಜೊತೆಗೆ ಹೋದ ನಮ್ಮ ಯಜಮಾನರೊಬ್ಬರಿಗೇ. ಅವರು ಆಗ ಶಿಳ್ಳೆ ಹೊಡೆಯುತ್ತಿರುತ್ತಾರೆ.

2025ರ ದಸರೆಯ ಮಾತನ್ನೇ ತೆಗೆದುಕೊಳ್ಳಿ. ಅಕ್ಟೋಬರ್ 2, ಗಾಂಧಿ ಜಯಂತಿಯೂ ಹೌದು ವಿಜಯದಶಮಿಯೂ ಹೌದು. ಮೈಸೂರಿನಲ್ಲಿ ಜಂಬೂಸವಾರಿ. ‘ಕಾಂತಾರ: ಅಧ್ಯಾಯ 1’ ತೆರೆಗೆ ಬಂದದ್ದೂ ಅವತ್ತೇ, ತಮ್ಮದೇ 16+ ಮುದ್ರೆ ಒತ್ತಿಸಿಕೊಂಡು. ಶಾಲೆಗಳಿಗೆ ದಸರಾ ರಜೆ. ಆನೆ ನೋಡಲು ಬಂದ ಸಂಸಾರಗಳೆಲ್ಲ ಆ ವಾರ ಸಿನಿಮಾಕ್ಕೂ ನುಗ್ಗಿದವು, ಕಂಕುಳ ಕೂಸುಗಳ ಸಮೇತ. ಮಗಳು ಪೋಸ್ಟರ್ ನೋಡಿ, “ಅಮ್ಮಾ, ಹದಿನಾರೇ ಯಾಕೆ? ಹದಿನಾಲ್ಕಕ್ಕೆ ಆಗದೇ ಇರೋದು ಏನಿದೆ ಇದರಲ್ಲಿ?” ಅಂದಳು. ಒಳ್ಳೆಯ ಪ್ರಶ್ನೆ. ರಕ್ತವೋ, ಭಯವೋ, ಹೆಂಡವೋ, ಹೆಣ್ಣನ್ನು ನಡೆಸಿಕೊಳ್ಳುವ ರೀತಿಯೋ? ಪೋಸ್ಟರಿನಲ್ಲಿ ಅಂಕಿ ಇತ್ತು, ಕಾರಣ ಇರಲಿಲ್ಲ. ವಿವೇಚನೆ ಮಾಡಿ ಎಂದು ನನಗೆ ಕೆಲಸ ಹಚ್ಚಿದವರು ಯಾವುದರ ಬಗ್ಗೆ ಎಂದು ಹೇಳದೆ ಹೋದರು.

ತಮಾಷೆ ಕೇಳಿ. ಒಂದು ತಿಂಗಳು ತುಂಬುವ ಮೊದಲೇ ಅದೇ ಸಿನಿಮಾ ಮೊಬೈಲಿಗೆ ಬಂತು. ಮೊಬೈಲಿನಲ್ಲಿ ನಡೆಯುವುದು 2021ರ ಐಟಿ ನಿಯಮ. ಅಲ್ಲಿ ವಯಸ್ಸಿನ ಜೊತೆಗೆ ಹಿಂಸೆ, ಭಾಷೆ, ಮಾದಕ ವಸ್ತು ಎಂದು ಒಳಗೇನಿದೆ ಎಂಬುದನ್ನೂ ಆರಂಭದಲ್ಲೇ ತೋರಿಸಬೇಕು. 13ರ ಮೇಲಿನವರದ್ದಕ್ಕೆ ತಂದೆತಾಯಿ ಬೀಗ ಹಾಕುವ ಸೌಲಭ್ಯವನ್ನೂ ಕೊಡಬೇಕು. ಅಂಗೈಯಗಲದ ಪರದೆಗೆ ಕಾರಣವೂ ಉಂಟು, ಬೀಗವೂ ಉಂಟು. ನಲವತ್ತಡಿ ಪರದೆಗೆ, ಎದೆ ನಡುಗಿಸುವ ಸೌಂಡಿಗೆ, ಅಂಕಿ ಒಂದೇ. (ಬೀಗದ ಪಿನ್ ನಂಬರು ನಮ್ಮ ಮನೆಯಲ್ಲಿ ಮಗನಿಗೆ ಮಾತ್ರ ಗೊತ್ತು. ಅದು ಬೇರೆ ವಿಷಯ.)

ತಮ್ಮನ್ನು ದಯಪಾಲಿಸುವ ಮಂಡಳಿಯ ಮುಂದೆ 1991ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಹಿಂಸೆಯಂಥ ಸಮಾಜವಿರೋಧಿ ಕೆಲಸಗಳನ್ನು ವೈಭವೀಕರಿಸಬಾರದು, ಸಮರ್ಥಿಸಬಾರದು ಎಂಬ ಮಾತು ಅದರಲ್ಲಿ ಮೊದಲ ಸಾಲುಗಳಲ್ಲೇ ಬರುತ್ತದೆ. ಕುಡಿತ, ತಂಬಾಕಿಗೂ ಅದೇ ಮಾತು. ಸಿನಿಮಾವನ್ನು ತುಂಡುತುಂಡಾಗಿ ನೋಡದೆ ಅದರ ಒಟ್ಟು ಪರಿಣಾಮದಿಂದ ಅಳೆಯಬೇಕು ಎಂದೂ ಇದೆ. ಚಿನ್ನದಂಥ ಮಾತು! ಇದನ್ನು ಬರೆದವರಿಗೆ ನಮ್ಮ ದೊಡ್ಡಕೆರೆ ಮೈದಾನದಲ್ಲಿ ಸನ್ಮಾನ ಮಾಡಬೇಕು. ಆಮೇಲೆ ಅವರನ್ನು ಕರೆದುಕೊಂಡು ಹೋಗಿ ‘ಕೆಜಿಎಫ್’ನ ಎರಡೂ ಭಾಗ ತೋರಿಸಿ, 2018ರದ್ದೂ 2022ರದ್ದೂ, ಇವೆರಡೂ ಯುಎ ಸ್ವಾಮೀ ಎಂದು ಹೇಳಬೇಕು. ಅದರ ನಾಯಕ ಬೆಳೆದದ್ದು ನಮ್ಮ ಮೈಸೂರಿನಲ್ಲೇ ಎಂಬ ಹೆಮ್ಮೆ ನನಗೂ ಇದೆ. ಬೇರೆ ಭಾಷೆಯವರು ಕನ್ನಡದ ಸಿನಿಮಾ ನೋಡಲು ಸಾಲು ನಿಂತಾಗ ನಾನೂ ಬೀಗಿದ್ದೇನೆ. ಆದರೆ ಆ ಚಿತ್ರದಲ್ಲಿ ವೈಭವೀಕರಣ ತೆಗೆದರೆ ಉಳಿಯುವುದೇನು? ಗಣಿಯ ದೂಳು.

ತಮ್ಮವರಿಗೆ ಒಟ್ಟು ಪರಿಣಾಮಕ್ಕಿಂತ ಬಿಡಿ ಲೆಕ್ಕ ಸಲೀಸು. ಬೈಗುಳ ಬಂದಲ್ಲಿ ಸದ್ದು ಅಡಗಿಸುತ್ತಾರೆ. ನಮ್ಮ ಮಗ ತುಟಿ ನೋಡಿ ಬೈಗುಳ ಹೇಳುವುದನ್ನು ಕಲಿತಿದ್ದು ಹೀಗೆ. ಸದ್ದಿದ್ದರೆ ಇಷ್ಟು ಶ್ರದ್ಧೆಯಿಂದ ಗಮನಿಸುತ್ತಿರಲಿಲ್ಲ. ಸಿಗರೇಟು ಹೊತ್ತಿದ ಕೂಡಲೇ ಕೆಳಗೆ ಎಚ್ಚರಿಕೆಯ ಸಾಲು ಬರುತ್ತದೆ. ನಾಯಕ ಹೊಗೆ ಬಿಡುತ್ತಾ ಇಪ್ಪತ್ತು ಜನರನ್ನು ಕೊಚ್ಚುತ್ತಿದ್ದರೆ ಆ ಸಾಲು ಅವನ ಶ್ವಾಸಕೋಶಕ್ಕೆ ಮರುಗುತ್ತದೆ. ಆ ಇಪ್ಪತ್ತು ಜನರ ಆರೋಗ್ಯದ ಬಗ್ಗೆ ಒಂದು ಸಾಲೂ ಇಲ್ಲ.

ಇನ್ನು 2022ರ ಮೊದಲ ‘ಕಾಂತಾರ’. ದೈವ ಮೈದುಂಬುವ ಕೊನೆಯ ಭಾಗಕ್ಕೆ ಅತ್ತೆ ಕೈಮುಗಿದು ಕೂತರು, ನನಗೂ ಮೈ ಜುಮ್ಮೆಂದಿತು. ಅದೇ ಚಿತ್ರದಲ್ಲಿ ನಾಯಕ ತಾನು ಇಷ್ಟಪಟ್ಟ ಹುಡುಗಿಯ ಸೊಂಟ ಚಿವುಟುತ್ತಾನೆ. ಆಗಲೇ ಹಲವರು ಅದನ್ನು ಆಕ್ಷೇಪಿಸಿದ್ದರು. ಥಿಯೇಟರಿನಲ್ಲಿ ಮಾತ್ರ ನಗೆ. ನಕ್ಕವರಲ್ಲಿ ಹುಡುಗರೂ ಇದ್ದರು, ಅವರ ಪಕ್ಕದಲ್ಲಿ ಅಕ್ಕತಂಗಿಯರೂ ಇದ್ದರು. ಅಲ್ಲಿ ರಕ್ತವಿಲ್ಲ, ಬೈಗುಳವಿಲ್ಲ, ಹೊಗೆಯಿಲ್ಲ, ಆದ್ದರಿಂದ ಯಾವ ಎಚ್ಚರಿಕೆಯ ಸಾಲೂ ಓಡಿಬರಲಿಲ್ಲ. ಹದಿನಾಲ್ಕರ ಮಗಳ ತಾಯಿಗೆ ಮೂರು ಲೋಟ ಕೃತಕ ರಕ್ತಕ್ಕಿಂತ ಇದು ಹೆಚ್ಚು ಚಿಂತೆಯ ವಿಷಯ ಎಂಬುದು ಯಾವ ಅಂಕಿಯಲ್ಲಿ ಕಾಣುತ್ತದೆ, ತಾವೇ ಹೇಳಿ.

ಹಿಂದೆ ಎಲ್ಲ ಸರಿಯಿತ್ತು ಎಂದು ಗೋಳು ಹೊಯ್ದುಕೊಳ್ಳಲು ನಾನು ಈ ಪತ್ರ ಬರೆಯುತ್ತಿಲ್ಲ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ನೋಡದ ಕನ್ನಡದ ಮನೆ ಇದೆಯೇ? ಹದಿಹರೆಯದ ಹುಡುಗನ ಸಿಟ್ಟು, ಅವನ ಕೈಯಿಂದಲೇ ಗುರುವಿನ ಸಾವು, ಕೊನೆಗೆ ಬೆಟ್ಟದ ಮೇಲಿಂದ ಪ್ರೇಮಿಗಳಿಬ್ಬರ ಜಿಗಿತ. ಇವತ್ತು ಆ ಕಥೆಯನ್ನು ಕಾಗದದ ಮೇಲೆ ಬರೆದು ಕಳಿಸಿದರೆ ತಮಗೂ ನಡುಕ ಬಂದೀತು. ರಾಜಕುಮಾರ್, ಪುನೀತ್ ನಟಿಸಿದ ‘ಭಕ್ತ ಪ್ರಹ್ಲಾದ’ ಬಂದದ್ದು 1983ರಲ್ಲಿ, ಅಂದರೆ ತಮ್ಮ ಯುಎ ಮನೆತನ ಹುಟ್ಟಿದ ವರ್ಷವೇ. ಮಗನಿಗೆ ವಿಷ ಕುಡಿಸಲು ಹೊರಡುವ ಅಪ್ಪ, ಹೊಸ್ತಿಲ ಮೇಲೆ ಕರುಳು ಬಗೆಯುವ ದೇವರು! ಮಕ್ಕಳ ಮೇಲಿನ ದೌರ್ಜನ್ಯ, ವಿಪರೀತ ಹಿಂಸೆ, ಭಯಾನಕ ದೃಶ್ಯ, ಏನುಂಟು ಏನಿಲ್ಲ? ತಮ್ಮ ಫಾರಂ ತುಂಬಲು ಕೂತರೆ ಕಾಲಂ ಸಾಲದು.

ಅತ್ತೆಯನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: “ಅಯ್ಯೋ, ನಿನ್ ಗಂಡುಂಗೆ ಆ ನರಸಿಂಹನ್ನ ಕಂಡು ಜ್ವರ ಬಂದಿತ್ತು ಕಣವ್ವ. ವಾರಗಟ್ಲೆ ಜಗಲಿ ಕಂಬುದ್ ಹತ್ರುಕ್ಕೇ ಹೋಗ್ತಿರ್ನಿಲ್ಲ. ಆದ್ರೂವೆ ಆಟ ಆಡ್ವಾಗ ಅವ್ನು ಪ್ರಹ್ಲಾದ್ನೇ ಆಯ್ತಿದ್ದ. ನಿನ್ ಮಗ ಆಟ್ದಲ್ಲಿ ಏನಾಯ್ತಾನೆ, ನೋಡ್ಕೊ.”

ನೋಡಿಕೊಂಡೆ. ನಮ್ಮ ಮಗ ಆಟದಲ್ಲಿ ಲಾಂಗು ಬೀಸುತ್ತಾ ನಿಧಾನವಾಗಿ ನಡೆದುಬರುತ್ತಾನೆ. ಸ್ಲೋ ಮೋಷನ್ನನ್ನೂ ಕಾಲಲ್ಲೇ ಮಾಡುತ್ತಾನೆ, ಹಿನ್ನೆಲೆ ಸಂಗೀತವನ್ನು ಬಾಯಲ್ಲೇ. ಸಾಯುವ ಪಾತ್ರಕ್ಕೆ ಬೀದಿಯ ಚಿಕ್ಕ ಹುಡುಗರಿದ್ದಾರೆ. ಅತ್ತೆ ಶಾಲೆಯ ಮುಖ ಕಂಡವರಲ್ಲ. ಆದರೂ 1991ರ ಮಾರ್ಗಸೂಚಿಯ ‘ಒಟ್ಟು ಪರಿಣಾಮ’ ಎಂದರೇನು ಎಂದು ತಮ್ಮ ಪರೀಕ್ಷಣಾ ಸಮಿತಿಗಿಂತ ಚೆನ್ನಾಗಿ ಅವರಿಗೆ ತಿಳಿದಿದೆ. ಸಿನಿಮಾದಲ್ಲಿ ಎಷ್ಟು ರಕ್ತ ಹರಿಯಿತು ಎಂಬುದನ್ನು ಅವರು ಎಣಿಸಲಿಲ್ಲ, ಮಗು ಹೊರಗೆ ಬರುವಾಗ ಯಾರ ಪಕ್ಷ ಎಂದು ನೋಡಿದರು.

ಎಲ್ಲ ತಪ್ಪನ್ನೂ ತಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ. ಶಾಲೆಗಳ ವಾರ್ಷಿಕೋತ್ಸವಕ್ಕೆ ಒಮ್ಮೆ ದಯಮಾಡಿಸಿ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಅಹಿಂಸೆ, ಸಂಜೆ ವೇದಿಕೆಯ ಮೇಲೆ ಎಲ್‌ಕೆಜಿ ಮಕ್ಕಳ ಕೈಯಲ್ಲಿ ಪ್ಲಾಸ್ಟಿಕ್ ಗನ್ನು, ಕಣ್ಣಿಗೆ ಕಪ್ಪು ಕನ್ನಡಕ. ಆ ಪುಟಾಣಿಗಳಿಗೆ ಸೊಂಟ ಕುಣಿಸಲು ಹೇಳಿಕೊಟ್ಟವರು ಟೀಚರು, ವಿಡಿಯೊ ಮಾಡಿದವರು ಅಪ್ಪಂದಿರು, ಬಹುಮಾನ ಕೊಟ್ಟವರು ಮುಖ್ಯ ಅತಿಥಿಗಳು. ಯಾವ ಶಾಲೆ ಎಂದು ಕೇಳಬೇಡಿ, ಹಾಗಲ್ಲದ ಶಾಲೆಯ ಹೆಸರು ಹೇಳುವುದೇ ಕಷ್ಟ. ಅಲ್ಲಿ 7+ ಅವರೂ ಇಲ್ಲ, 13+ ಅವರೂ ಇಲ್ಲ.

ಯೂಟ್ಯೂಬಿನಲ್ಲೂ ತಾವಿಲ್ಲ. 2026ರ ಜನವರಿಯಲ್ಲಿ ‘ಟಾಕ್ಸಿಕ್’ ಸಿನಿಮಾದ ಟೀಸರ್ ಬಂದಾಗ ಅದರ ದೃಶ್ಯಗಳಿಗೆ ಆಕ್ಷೇಪವೆತ್ತಿ ರಾಜ್ಯ ಮಹಿಳಾ ಆಯೋಗ ತಮ್ಮ ಮಂಡಳಿಗೇ ಪತ್ರ ಬರೆಯಿತು. ಆದರೆ ಬರೀ ಯೂಟ್ಯೂಬಿಗೆ ಬಿಟ್ಟ ಟೀಸರಿಗೆ ತಮ್ಮ ಮುದ್ರೆ ಬೇಕೆಂಬ ಕಾನೂನೇ ಇಲ್ಲ. ಸಿನಿಮಾಕ್ಕೆ ಕಾವಲು, ಸಿನಿಮಾದ ಜಾಹೀರಾತಿಗೆ ಬಾಗಿಲೇ ಇಲ್ಲ.

ತಮ್ಮ ದೊಡ್ಡಣ್ಣ ‘ಎ’ ಅವರ ಸ್ಥಿತಿ ಇನ್ನೂ ನಾಜೂಕು. 2025ರ ಆಗಸ್ಟಿನಲ್ಲಿ ರಜನಿಕಾಂತರ ‘ಕೂಲಿ’ಗೆ ಅವರು ಗಂಟುಬಿದ್ದರು. ನಮ್ಮ ಉಪೇಂದ್ರ ಕೂಡ ಇದ್ದ ಚಿತ್ರ. ನಿರ್ಮಾಪಕರು, ಎ ಬೇಡ ಯುಎ ಕೊಡಿ ಎಂದು ಮದ್ರಾಸ್ ಹೈಕೋರ್ಟ್ ಮೆಟ್ಟಿಲು ಹತ್ತಿದರು. ಅರ್ಜಿ ವಜಾ ಆಯಿತು. ಮಕ್ಕಳು ಬಾರದಿದ್ದರೆ ಗಲ್ಲಾಪೆಟ್ಟಿಗೆಗೆ ಎಷ್ಟು ಪೆಟ್ಟು ಎಂದು ಅವರಿಗೆ ಗೊತ್ತು. ಮಕ್ಕಳಿಗಾಗಿಯೇ ತೆಗೆದ ಸಿನಿಮಾಕ್ಕೆ ಒಂದು ಥಿಯೇಟರ್ ಕೊಡಿಸಿ ಎಂದು ಯಾರಾದರೂ ಕೋರ್ಟಿಗೆ ಹೋದದ್ದನ್ನು ನಾನಂತೂ ಕೇಳಿಲ್ಲ.

ಅಂಥ ಸಿನಿಮಾ ನಮ್ಮಲ್ಲಿ ಇಲ್ಲವೇ? ನಾಗಾಭರಣರ ‘ಚಿನ್ನಾರಿ ಮುತ್ತ’, ನಾಗತಿಹಳ್ಳಿಯವರ ‘ಕೊಟ್ರೇಶಿ ಕನಸು’ ಕನ್ನಡದವೇ. ‘ಗುಬ್ಬಚ್ಚಿಗಳು’, ‘ಪುಟಾಣಿ ಪಾರ್ಟಿ’, ‘ಹೆಜ್ಜೆಗಳು’ ಒಂದರ ಹಿಂದೊಂದು ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ತಂದವು. ನನ್ನ ಮಕ್ಕಳು ಈ ಮೂರರಲ್ಲಿ ಒಂದನ್ನೂ ನೋಡಿಲ್ಲ, ನೋಡಲು ಸಿಕ್ಕಿಲ್ಲ. ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ (2018) ಥಿಯೇಟರಿನಲ್ಲೂ ಗೆದ್ದು ರಾಷ್ಟ್ರಪ್ರಶಸ್ತಿಯನ್ನೂ ಹೊತ್ತು ತಂದಿತು. ಮುಚ್ಚಲಿರುವ ಕನ್ನಡ ಶಾಲೆಗಾಗಿ ಮಕ್ಕಳು ಜಗಳವಾಡುವ ಆ ಕಥೆಯನ್ನು ಹೇಳಿದವರು ‘ಕಾಂತಾರ’ ತೆಗೆದ ರಿಷಬ್ ಶೆಟ್ಟರೇ. ಅಂದಮೇಲೆ ಕೈಲಾಗದ ಕೆಲಸವಂತೂ ಅಲ್ಲ. 1955ರಲ್ಲಿ ಮಕ್ಕಳ ಚಿತ್ರಕ್ಕೆಂದೇ ಹುಟ್ಟಿದ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿಯನ್ನು ಕೇಂದ್ರ ಸರ್ಕಾರ 2022ರಲ್ಲಿ ಎನ್‌ಎಫ್‌ಡಿಸಿ ಎಂಬ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಕರಗಿಸಿತು. ಮಕ್ಕಳು ನೋಡಬಾರದ್ದನ್ನು ವಿಂಗಡಿಸಲು ಮೂರು ಹೊಸ ಅಂಕಿ, ನೋಡಬೇಕಾದ್ದನ್ನು ತೆಗೆಯಲಿಕ್ಕೆ ಇದ್ದ ಒಂದು ಮನೆಗೂ ಬೀಗ.

ನಮ್ಮೂರಿನಿಂದ ನಂಜನಗೂಡಿನ ಕಡೆ ಸ್ವಲ್ಪ ದೂರ ಹೋದರೆ ಹಿಮ್ಮಾವು. ಅಲ್ಲಿ 150 ಎಕರೆಯಲ್ಲಿ 500 ಕೋಟಿ ರೂಪಾಯಿಯ ಚಿತ್ರನಗರಿ ಬರುತ್ತದಂತೆ, ರಾಜ್ಯದ ಬಜೆಟ್ಟಿನಲ್ಲೇ ಹೇಳಿದ್ದಾರೆ. ಬರಲಿ. ಅದರಲ್ಲಿ ಒಂದೆಕರೆಯಾದರೂ ಮಕ್ಕಳ ಸಿನಿಮಾಕ್ಕೆ ಎಂದು ಬೋರ್ಡು ನೆಟ್ಟರೆ ಮಂಡಕಳ್ಳಿಯಿಂದ ನಾವೇ ಬಸ್ಸು ಮಾಡಿಕೊಂಡು ಮಕ್ಕಳನ್ನು ಕರೆತರುತ್ತೇವೆ.

ತಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಕತ್ತರಿ ಬೇಡ, ನಿಷೇಧ ಬೇಡ. ನಮ್ಮ ಯಜಮಾನರನ್ನು ಥಿಯೇಟರಿನಿಂದ ಹೊರಹಾಕುವುದೂ ಬೇಡ, ಮನೆಯಲ್ಲಿ ಆ ಮೂರು ಗಂಟೆ ನನಗೆ ನೆಮ್ಮದಿ. ಪ್ರತಿ ಪೋಸ್ಟರಿನ ಮೇಲೆ, ಟಿಕೆಟ್ ಬುಕ್ ಮಾಡುವ ಪರದೆಯ ಮೇಲೆ, ತಮ್ಮ ಅಂಕಿಯ ಪಕ್ಕದಲ್ಲಿ ಒಂದೇ ಸಾಲು ಬರೆಸಿ: ಈ ಚಿತ್ರದಲ್ಲಿ ಇಂತಿಂಥದ್ದಿದೆ, ಆದ್ದರಿಂದ ಹದಿನಾರು. ಅಚ್ಚಗನ್ನಡದಲ್ಲಿ, ನಾಯಕನ ಹೆಸರಿನಷ್ಟು ದೊಡ್ಡದಾಗಿ ಬೇಡ, ಸಿಗರೇಟಿನ ಎಚ್ಚರಿಕೆಯಷ್ಟಾದರೂ ಇರಲಿ. ಮೊಬೈಲಿನಲ್ಲಿ 2021ರಿಂದ ನಿಯಮವಾಗಿರುವುದು ಟಾಕೀಸಿನಲ್ಲಿ ಯಾಕೆ ಆಗಬಾರದು? ಆ ಸಾಲನ್ನು ಮಗಳ ಜೊತೆ ಕೂತು ಓದಿ, ಹೋಗುವುದೋ ಬಿಡುವುದೋ ಎಂದು ನಾವಿಬ್ಬರೂ ಸೇರಿ ತೀರ್ಮಾನ ಮಾಡುತ್ತೇವೆ. ಅಷ್ಟನ್ನೂ ಮಾಡಲಾಗದಿದ್ದರೆ ‘ಪೋಷಕರ ವಿವೇಚನೆ’ ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಮಂಡಕಳ್ಳಿಯ ಒಬ್ಬ ತಾಯಿ