ಒಂದ್ನಿಮಿಷ ಮೀಮಾಂಸೆ: ಸರ್ವಕಾರ್ಯ ಝೂಮ್ ಲೆನ್ಸಿನ ಸ್ವರೂಪ ನಿರ್ಣಯ

ಮನೆಗೂ ಸಲ್ಲಬೇಕು, ಪ್ರವಾಸಕ್ಕೂ ಒದಗಬೇಕು, ಜೇಬಿಗೂ ಭಾರವಾಗಬಾರದು, ಅಂಥ ಒಂದೇ ಒಂದು ಝೂಮ್ ಲೆನ್ಸ್ ಯಾವುದು ಎಂಬ ಪ್ರಶ್ನೆ ದ್ವೈತಾದ್ವೈತದಷ್ಟು ಹಳೆಯದಲ್ಲ. ಜಗಳದ ಲೆಕ್ಕದಲ್ಲಿ ಮಾತ್ರ ಅದಕ್ಕೇನೂ ಕಡಿಮೆಯಿಲ್ಲ. ಈ ಕ್ಷೇತ್ರದ ಪೂರ್ವಸೂರಿಗಳು ಲೆನ್ಸನ್ನು ಮಿಲಿಮೀಟರಿನಲ್ಲಿ ಅಳೆದರು, ಗ್ರಾಮಿನಲ್ಲಿ ತೂಗಿದರು, ಇಟ್ಟಿಗೆ ಗೋಡೆಯ ಎದುರು ನಿಲ್ಲಿಸಿ ನಾಲ್ಕೂ ಮೂಲೆಗಳನ್ನು ಶೋಧಿಸಿದರು. ಲೆನ್ಸು ಹಿಡಿದವನ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ. ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಸರ್ವಕಾರ್ಯ ಲೆನ್ಸಿನ ನಿಜವಾದ ಮಾನ ‘ಒಂದ್ನಿಮಿಷ’. ಒಂದ್ನಿಮಿಷವೆಂದರೆ, ಆಗಲೇ ಮುಂದೆ ಹೊರಟ ಹೆಂಡತಿ ಮಕ್ಕಳನ್ನೂ ಹಾರನ್ ಒತ್ತುತ್ತಿರುವ ಟಿಟಿ ಡ್ರೈವರನ್ನೂ ಉದ್ದೇಶಿಸಿ, ಕಣ್ಣನ್ನು ಕ್ಯಾಮೆರಾದಿಂದ ಕೀಳದೆ, ಎಡಗೈ ಎತ್ತಿ ಫೋಟೋಗ್ರಾಫರನು ಆಡುವ ಮಾತು. ಗಡಿಯಾರದ ಅರವತ್ತು ಸೆಕೆಂಡಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಒಂದು ತಾಣದಲ್ಲಿ ಮೊದಲ ಒಂದ್ನಿಮಿಷಕ್ಕೆ ನಗು ಸಿಗುತ್ತದೆ, ಎರಡನೆಯದಕ್ಕೆ ಮೌನ. ಮೂರನೆಯದಕ್ಕೆ ‘ನಾವು ಹೋಗಿರ್ತೀವಿ, ನೀವು ನಿಧಾನಕ್ಕೆ ಬನ್ನಿ’ ಎಂಬ ಉತ್ತರ ಬರುತ್ತದೆ. ಅದರಲ್ಲಿರುವ ‘ನಿಧಾನಕ್ಕೆ’ ಎಂಬ ಪದಕ್ಕೆ ನಿಘಂಟಿನ ಅರ್ಥ ಹಚ್ಚಬಾರದು. ಆದ್ದರಿಂದ ತಾಣವೊಂದಕ್ಕೆ ಎರಡಕ್ಕಿಂತ ಹೆಚ್ಚು ಒಂದ್ನಿಮಿಷ ಬೇಡುವ ಯಾವ ಲೆನ್ಸೂ, ಅದರ ಗಾಜು ಎಷ್ಟೇ ಶ್ರೇಷ್ಠವಾಗಿರಲಿ, ಸರ್ವಕಾರ್ಯವಲ್ಲ.

ಮೊದಲಿಗೆ ಶಬ್ದವಿಚಾರ. ವಿಮಾನ ಸರ್ರನೆ ಮೇಲೇರುವುದಕ್ಕೆ ಪೈಲಟ್‌ಗಳು ಹೇಳುತ್ತಿದ್ದ ಮಾತು ಝೂಮ್ ಎಂದು ಇಂಗ್ಲಿಷ್ ಪಂಡಿತರ ಮತ. ಬೆಲೆ ಕೇಳಿದಾಗ ಮೈ ಜುಮ್ಮೆನ್ನುವುದರಿಂದ ಬಂತೆಂಬ ದೇಶ್ಯ ವ್ಯುತ್ಪತ್ತಿಯೂ ಪರಿಶೀಲನೆಗೆ ಅರ್ಹ. 35 ಎಂಎಂ ಸ್ಥಿರಚಿತ್ರದ ಕ್ಯಾಮೆರಾಗಳಿಗೆ ಮೊತ್ತಮೊದಲು ಬಂದ ಝೂಮ್ 1959ರ ಫಾಕ್ಟ್‌ಲೆಂಡರ್ ಝೂಮಾರ್. 36ರಿಂದ 82 ಎಂಎಂ, ಅಂದರೆ ಎರಡು ಪಟ್ಟು ಚಿಲ್ಲರೆ. 1992ರಲ್ಲಿ ಟ್ಯಾಮ್ರಾನ್ 28–200 ತಂದಾಗ ಕೈಗೆಟಕುವ ಬೆಲೆಗೆ ಏಳು ಪಟ್ಟು ಸಿಕ್ಕಿತು. ಆದರೆ ಅದು 2.1 ಮೀಟರಿಗಿಂತ ಹತ್ತಿರದ ಯಾವುದನ್ನೂ ಫೋಕಸ್ ಮಾಡುತ್ತಿರಲಿಲ್ಲ. ಊಟದ ಎಲೆಯ ಮುಂದೆ ಕೂತವನು ಎಲೆಯ ಚಿತ್ರ ತೆಗೆಯಬೇಕಾದರೆ ಎದ್ದು ಹೋಗಿ ಬಡಿಸುವವರ ಸಾಲಿನಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಹಪ್ಪಳ ಮೆತ್ತಗಾಗಿರುತ್ತದೆ. ಇದನ್ನು ನಮ್ಮ ಮಾನದಲ್ಲಿ ಎರಡು ಒಂದ್ನಿಮಿಷ ಮತ್ತು ಒಂದು ಹಪ್ಪಳ ಎಂದು ದಾಖಲಿಸಬೇಕು. ಇತಿಹಾಸಕ್ಕೆ ಇಷ್ಟು ಸಾಕು.

ಈಗ ಪ್ರಮಾಣ. ಸಾಮಾನ್ಯ ಗೃಹಸ್ಥನ ಕ್ಯಾಮೆರಾದಲ್ಲಿರುವುದು ಎಪಿಎಸ್-ಸಿ ಸೆನ್ಸರ್, ಅಗಲ 23.5 ಎಂಎಂ ಆಸುಪಾಸು. ಇದರ ಮೇಲೆ 18 ಎಂಎಂ ಲೆನ್ಸಿಟ್ಟು ಹತ್ತು ಅಡಿ ದೂರದಲ್ಲಿ ನಿಂತರೆ ಸುಮಾರು ಹದಿಮೂರು ಅಡಿ ಅಗಲ ಚೌಕಟ್ಟಿಗೆ ಬರುತ್ತದೆ. ನಮ್ಮ ಹಾಲುಗಳ ಅಳತೆಗೆ ಹೇಳಿ ಮಾಡಿಸಿದ ಹಾಗೆ. ಅದೇ ಜಾಗದಲ್ಲಿ, ಅಗ್ಗಕ್ಕೆ ಸಿಕ್ಕಿತೆಂದು ಫಿಲ್ಮ್ ಕಾಲದ 28–200 ಹಚ್ಚಿದರೆ ಸಿಗುವುದು ಎಂಟೂವರೆ ಅಡಿಗೂ ಕಡಿಮೆ. ನಾಮಕರಣದ ಗುಂಪುಚಿತ್ರದಲ್ಲಿ ಆ ಉಳಿದ ನಾಲ್ಕೂವರೆ ಅಡಿಯಲ್ಲಿ ನಿಂತಿರುವವರು ಯಾರು? ಒಂದು ತುದಿಗೆ ದೊಡ್ಡಪ್ಪ, ಇನ್ನೊಂದು ತುದಿಗೆ ಬೀಗರು. ಇವರಿಬ್ಬರಲ್ಲಿ ಯಾರನ್ನು ಕತ್ತರಿಸಿದರೂ ಆ ಲೆನ್ಸಿನ ಒಟ್ಟು ವೆಚ್ಚ ಅಂಗಡಿಯ ಬಿಲ್ಲಿಗಿಂತ ಬಹಳ ಹೆಚ್ಚಾಗುತ್ತದೆ. ಹಾಗಾಗಿ ಕೆಳಗಿನ ತುದಿ 18 ಎಂಬಲ್ಲಿ ರಾಜಿಯಿಲ್ಲ. ಮೇಲಿನ ತುದಿಗೆ ಬೇಲೂರಿಗೆ ಹೋಗಬೇಕು. ಚೆನ್ನಕೇಶವ ದೇವಾಲಯದ ಹೊರಗೋಡೆಯ ಮದನಿಕೆಯರು ನಿಂತಿರುವುದು ಸೂರಿನಡಿ, ತಲೆಯೆತ್ತಿ ನೋಡುವ ಎತ್ತರದಲ್ಲಿ. ಇಪ್ಪತ್ತಡಿ ದೂರದಿಂದ 55 ಎಂಎಂನಲ್ಲಿ ಕ್ಯಾಮೆರಾ ಉದ್ದುದ್ದ ಹಿಡಿದರೆ ಎಂಟೂವರೆ ಅಡಿಯ ಕಲ್ಲುಗೋಡೆ ಬರುತ್ತದೆ, ಅದರೊಳಗೆಲ್ಲೋ ಒಬ್ಬ ಮದನಿಕೆ. 140ರಲ್ಲಿ ಸುಮಾರು ಮೂರೂಕಾಲು ಅಡಿ ಬರುತ್ತದೆ: ದರ್ಪಣ, ಬೆರಳು, ಮೇಲೆ ಬಳ್ಳಿಯ ಸುರುಳಿ, ಕೆಳಗೆ ಪೀಠ, ಮುಗಿಯಿತು. ಕ್ರಿ.ಶ. 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ಶಿಲ್ಪಿಗಳಿಗೆ ಈ ಅಂಕಿ ಗೊತ್ತಿತ್ತೆಂದು ವಾದಿಸುವ ಆಸೆಯನ್ನು ಇಲ್ಲಿ ಕಷ್ಟಪಟ್ಟು ತಡೆಯಲಾಗಿದೆ. ಶಾಲಾ ವಾರ್ಷಿಕೋತ್ಸವದಲ್ಲಿ ಆರನೇ ಸಾಲಿನ ಕುರ್ಚಿಯಿಂದ ಮಗಳ ಮುಖ ಬೇಕೆನ್ನುವವರಿಗೂ ಲೆಕ್ಕ ಹೆಚ್ಚುಕಡಿಮೆ ಇದೇ. ಆದ್ದರಿಂದ 18ರಿಂದ 135 ಅಥವಾ 140, ಇದು ಸಿದ್ಧಾಂತ.

ಆಕ್ಷೇಪಗಳಿಗೆ ಸೂಚೀಕಟಾಹ ನ್ಯಾಯದಂತೆ ಉತ್ತರ ಕೊಡಬೇಕು. ಕಮ್ಮಾರನ ಬಳಿ ಒಬ್ಬ ಸೂಜಿ, ಒಬ್ಬ ಕಡಾಯಿ ಕೇಳಿದರೆ ಮೊದಲು ಸೂಜಿ ಮಾಡಿ ಕಳಿಸಬೇಕಲ್ಲವೆ? ಸೂಜಿಯ ಮತ ಪ್ರೈಮ್ ಲೆನ್ಸಿನವರದು. 50 ಎಂಎಂ ಎಫ್/1.8 ಸಾಕು, ಝೂಮ್ ಬೇಕಾದರೆ ಕಾಲಿದೆ, ಎರಡು ಹೆಜ್ಜೆ ನಡೆ ಎನ್ನುತ್ತಾರೆ ಅವರು. ಬೇಲೂರಿನಲ್ಲೇ ಎರಡು ಹೆಜ್ಜೆ ಮುಂದೆ ನಡೆದು ನೋಡಲಿ. ಮದನಿಕೆ ದೊಡ್ಡವಳಾಗುವುದಿಲ್ಲ, ಅವಳ ಪೀಠದ ತಳ ಮತ್ತು ನೋಡುವವನ ಕತ್ತುನೋವು ದೊಡ್ಡದಾಗುತ್ತವೆ. ಹಿಂದಕ್ಕೆ ನಡೆದರೆ ಜಗತಿಯ ಅಂಚು. ಜೋಗದ ವೀಕ್ಷಣಾ ಕಟ್ಟೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್‌ಗಳ ಕಡೆಗೆ ಎರಡು ಹೆಜ್ಜೆ ನಡೆಯಿರಿ ಎಂದು ಹೇಳುವುದು ಸಲಹೆಯಲ್ಲ, ಅಪರಾಧ. ನಡಿಗೆಯಿಂದ ಬದಲಾಗುವುದು ನೋಡುವ ಕೋನ, ಝೂಮಿನಿಂದ ಬದಲಾಗುವುದು ಚೌಕಟ್ಟು. ಎರಡೂ ಒಂದೇ ಎನ್ನುವುದು ಹೇತ್ವಾಭಾಸ. ಆದರೆ ಬೆಳಕು ಎಂಬ ಅಸ್ತ್ರ ಅವರ ಬಳಿ ಇನ್ನೂ ಇದೆ. ನಿಜ, ಎಫ್/5.6ಕ್ಕಿಂತ ಎಫ್/1.8 ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. (ಈ ಶಾಸ್ತ್ರದಲ್ಲಿ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು; ಯಾಕೆಂದು ಕೇಳಿದವರು ಸಾಮಾನ್ಯವಾಗಿ ಹವ್ಯಾಸ ಬಿಟ್ಟಿದ್ದಾರೆ.) ಆದರೆ ಪ್ರವಾಸದಲ್ಲಿ ಅಷ್ಟು ಕತ್ತಲಿರುವ ಜಾಗ ಯಾವುದು? ಗರ್ಭಗುಡಿ. ಅಲ್ಲಿ ನೇತುಹಾಕಿರುವ ಫಲಕ ಏನೆನ್ನುತ್ತದೆ? ಛಾಯಾಗ್ರಹಣ ನಿಷೇಧಿಸಲಾಗಿದೆ. ತಾರ್ಕಿಕರು ಇದನ್ನು ಆಶ್ರಯಾಸಿದ್ಧವೆನ್ನುತ್ತಾರೆ. ಆಕಾಶದ ತಾವರೆಯ ಪರಿಮಳವನ್ನು ಹೊಗಳಿದ ಹಾಗೆ. ಮಕ್ಕಳ ಹುಟ್ಟುಹಬ್ಬದ ಮೇಣದಬತ್ತಿಯ ಮಟ್ಟಿಗೆ ಮಾತ್ರ ಅವರ ವಾದ ಗಟ್ಟಿ, ಅದನ್ನು ಒಪ್ಪಬೇಕು: ಝೂಮಿನ ಕಂಪನನಿವಾರಣೆ ತೆಗೆಯುವವರ ಕೈನಡುಕವನ್ನು ತಡೆಯುತ್ತದೆ, ಕೇಕಿನ ಸುತ್ತ ಕುಣಿಯುವ ಮಕ್ಕಳನ್ನಲ್ಲ. ಐವತ್ತು ಬೇಕಾದರೆ ಮನೆಯಲ್ಲಿರಲಿ, ಬೀರುವಿನಲ್ಲಿ, ಹುಟ್ಟುಹಬ್ಬದವರೆಗೆ.

ಮಧ್ಯಮ ಗಾತ್ರದ ಆಕ್ಷೇಪ ಜೋಡಿ ಲೆನ್ಸಿನವರದು. ಕ್ಯಾಮೆರಾದ ಜೊತೆ ಬಂದ 18–55 ಇದ್ದೇ ಇದೆ, ಒಂದು 55–200 ಸೇರಿಸಿದರೆ ಖರ್ಚೂ ಕಡಿಮೆ, ವ್ಯಾಪ್ತಿಯೂ ಜಾಸ್ತಿ. ಹಿತ್ತಲ ಗಿಡ ಮದ್ದಲ್ಲ ಎಂದು ಆ 18–55ನ್ನು ಹೀಗಳೆಯುವುದು ಈ ಪ್ರಬಂಧದ ಉದ್ದೇಶವಲ್ಲ. ಇನ್ನೂರು ಗ್ರಾಮಿನ ಆ ಪ್ಲಾಸ್ಟಿಕ್ ಜೀವ ಮಾಡುವಷ್ಟು ಕೆಲಸ ಮಾಡುತ್ತದೆ. ಅಂಗಡಿಯ ಲೆಕ್ಕವೂ ಸರಿ. ತಪ್ಪುವುದು ಕೈಗಳ ಲೆಕ್ಕ. ಲೆನ್ಸ್ ಬದಲಿಸುವ ವಿಧಿ ನೋಡಿ: ಬ್ಯಾಗನ್ನು ಮೊಣಕಾಲ ಮೇಲಿಟ್ಟು ಜಿಪ್ ತೆಗೆಯಬೇಕು, ಹೊಸ ಲೆನ್ಸಿನ ಹಿಂಬದಿಯ ಮುಚ್ಚಳ ತಿರುಗಿಸಿ ಹಲ್ಲಲ್ಲಿ ಕಚ್ಚಿಕೊಳ್ಳಬೇಕು, ಕ್ಯಾಮೆರಾದ ಗುಂಡಿ ಒತ್ತಿ ಹಳೆಯದನ್ನು ಬಿಡಿಸಿ ಕಂಕುಳಿಗೆ ಸಿಕ್ಕಿಸಬೇಕು, ಕ್ಯಾಮೆರಾದ ತೆರೆದ ಬಾಯಿಯನ್ನು ನೆಲದ ಕಡೆ ತಿರುಗಿಸಿ ಹಂಪಿಯ ಬಿಸಿಗಾಳಿ ಧೂಳನ್ನು ಒಳಗೆ ಹಾಕದಂತೆ ನೋಡಿಕೊಳ್ಳಬೇಕು, ಬಿಳಿ ಚುಕ್ಕಿಗೆ ಬಿಳಿ ಚುಕ್ಕಿ ಹೊಂದಿಸಿ ‘ಟಕ್’ ಎನ್ನುವವರೆಗೆ ತಿರುಗಿಸಬೇಕು. ಇಷ್ಟಕ್ಕೆ ಮೂರು ಕೈ ಮತ್ತು ಒಂದೂವರೆ ಒಂದ್ನಿಮಿಷ ಬೇಕು. ಎಲ್ಲ ಮುಗಿಸಿ ತಲೆಯೆತ್ತಿದರೆ ಕಲ್ಲಿನ ರಥದ ಮೇಲಿದ್ದ ಗಿಳಿ ಹಾರಿಹೋಗಿ, ಈಗ ಮುಂದೆ ನಿಂತಿರುವುದು ಇಡೀ ಕುಟುಂಬ, 18 ಎಂಎಂಗೆ ಸರಿಹೊಂದುವಂತೆ. ಯಾವ ಲೆನ್ಸ್ ಕ್ಯಾಮೆರಾದಲ್ಲಿದೆಯೋ ಬೇಕಾದದ್ದು ಅದಲ್ಲ ಎಂಬ ವ್ಯಾಪ್ತಿಗೆ ಅಪವಾದ ಈವರೆಗೆ ಸಿಕ್ಕಿಲ್ಲ.

ಹಾಗಾದರೆ 135ಕ್ಕೇ ಏಕೆ ನಿಲ್ಲಬೇಕು, ಟ್ಯಾಮ್ರಾನ್ 2017ರಲ್ಲೇ 18–400 ಕೊಟ್ಟಿದೆಯಲ್ಲ ಎಂದು ಅತಿವ್ಯಾಪ್ತಿವಾದಿಗಳು ಕೇಳುತ್ತಾರೆ. ಕೊಟ್ಟಿದೆ, 710 ಗ್ರಾಂ ತೂಕದೊಂದಿಗೆ. ಸೋನಿಯ ಮಿರರ್‌ಲೆಸ್ 18–135 ತೂಗುವುದು 325 ಗ್ರಾಂ. ಉಳಿದ 385 ಗ್ರಾಂ ಬೆಳಗ್ಗೆ ಹೊರಡುವಾಗ ಏನೂ ಅನಿಸುವುದಿಲ್ಲ. ಮಧ್ಯಾಹ್ನ ವಿಂಧ್ಯಗಿರಿಯ ಮೆಟ್ಟಿಲ ಅರ್ಧದಲ್ಲಿ ಅದೇ ಕೊರಳಿಗೆ ಕಟ್ಟಿದ ಒರಳಾಗುತ್ತದೆ. ಅಷ್ಟು ದೂರದ ತುದಿಯಲ್ಲಿ ಕಿಂಡಿ ಎಫ್/6.3ಕ್ಕೆ ಕುಗ್ಗಿರುತ್ತದೆ, ಮೋಡ ಕವಿದರೆ ಐಎಸ್‌ಒ ಏರಿಸಿ ಚಿತ್ರಕ್ಕೆ ರವೆ ಉದುರಿಸಬೇಕು. ಜೊತೆಗೆ ಮಹಾಝೂಮ್‌ಗಳಲ್ಲಿ ಹಲವಕ್ಕೆ ಗುರುತ್ವಾಕರ್ಷಣೆಯ ಮೇಲೆ ವಿಪರೀತ ಗೌರವ. ಕೆಳಮುಖ ಮಾಡಿ ನೇತುಹಾಕಿದರೆ ಲೆನ್ಸಿನ ಸೊಂಡಿಲು ತಾನಾಗಿ ಇಳಿಯುತ್ತಾ ಹೋಗುತ್ತದೆ, ಅದಕ್ಕೆಂದೇ ಪಕ್ಕದಲ್ಲೊಂದು ಚಿಲಕ ಇಟ್ಟಿರುತ್ತಾರೆ, ಆ ಚಿಲಕ ಬಿಡಿಸುವುದು ಮರೆತು ಎಳೆದಾಡುವುದಕ್ಕೂ ಒಂದು ಒಂದ್ನಿಮಿಷ.

ಇಟ್ಟಿಗೆ ಗೋಡೆಯವರ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಇಂಥ ಝೂಮಿನ ಮೂಲೆಗಳು ಮಸುಕು, 18ರಲ್ಲಿ ನೇರ ಗೆರೆ ಹೊಟ್ಟೆಬಿಡುತ್ತದೆ ಎನ್ನುತ್ತಾರೆ. ಎರಡೂ ಸತ್ಯ. ಆದರೆ 6000 ಪಿಕ್ಸೆಲ್ ಅಗಲದ ಆ ಚಿತ್ರ ಕೊನೆಗೆ ಹೋಗಿ ಸೇರುವುದೆಲ್ಲಿ? ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ. ಮಾಮೂಲಿಯಾಗಿ ಕಳಿಸಿದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಉಳಿಯುವುದು ಸುಮಾರು 1600. ಮೂಲೆಯ ಮಸುಕನ್ನು ಅಲ್ಲಿ ಯಾರೂ ಗುರುತಿಸುವುದಿಲ್ಲ. ಚಿಕ್ಕಮ್ಮ ಗುರುತಿಸುವುದು ತನ್ನ ಕಣ್ಣು ಮುಚ್ಚಿರುವುದನ್ನು.

ಇನ್ನು ಕೊಳ್ಳುವ ಪ್ರಯೋಗಭಾಗ. ಹಳೆಯ ಡಿಎಸ್‌ಎಲ್‌ಆರ್ ಇರುವವರು ನಿಕಾನ್ 18–140 ಅಥವಾ ಕ್ಯಾನನ್ 18–135 ಎಸ್‌ಟಿಎಂ ಸೆಕೆಂಡ್‌ಹ್ಯಾಂಡಿನಲ್ಲಿ ನೋಡಬೇಕು; ಎರಡೂ ಅರ್ಧ ಕಿಲೋ ಒಳಗೆ, ಎರಡೂ ಅರ್ಧ ಮೀಟರಿಗಿಂತ ಹತ್ತಿರ ಫೋಕಸ್ ಆಗುತ್ತವೆ, ಹಪ್ಪಳ ಸುರಕ್ಷಿತ. ಕೊಳ್ಳುವಾಗ ಎರಡೂ ಮುಚ್ಚಳ ತೆಗೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ಇಣುಕಬೇಕು. ಧೂಳಿನ ಕಣ ನಾಲ್ಕಾರು ಕಂಡರೆ ಚಿಂತೆಯಿಲ್ಲ. ಜೇಡರ ಬಲೆಯ ತುಣುಕಿನಂತೆ ಎಳೆ ಎಳೆಯಾಗಿ ಕವಲೊಡೆದದ್ದು ಕಂಡರೆ ಅದು ಬೂಷ್ಟು, ಮುಚ್ಚಳ ಹಾಕಿ ನಮಸ್ಕಾರ ಹೇಳಿ ಹೊರಡಬೇಕು. ಕರಾವಳಿ, ಮಲೆನಾಡಿನ ಎರಡು ಮಳೆಗಾಲ ಬ್ಯಾಗಿನೊಳಗೇ ಕಳೆದ ಲೆನ್ಸುಗಳಲ್ಲಿ ಇದು ಸಾಮಾನ್ಯ. ತೇವ ಹೀರಲೆಂದು ಲೆನ್ಸನ್ನು ಅಕ್ಕಿ ಡಬ್ಬದಲ್ಲಿ ಹೂಳುವ ಗೃಹವೈದ್ಯವೊಂದಿದೆ; ಅದರಿಂದ ಲೆನ್ಸಿಗೆ ಅಕ್ಕಿಯ ಧೂಳು, ಅಕ್ಕಿಗೆ ಕ್ಯಾಮೆರಾದ ವಾಸನೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಸಾಕು.

ಕೊನೆಗೆ ಕಡಾಯಿ. ಈ ಪ್ರಬಂಧದ ಮಾನವನ್ನೇ ಹಿಡಿದು ಪ್ರತಿವಾದಿ ಕೇಳಬಹುದು: ಮೊಬೈಲಿಗೆ ಒಂದೇ ಒಂದು ಒಂದ್ನಿಮಿಷವೂ ಬೇಡವಲ್ಲ, ಹಾಗಾದರೆ ಸರ್ವಕಾರ್ಯ ಲೆನ್ಸ್ ಅದೇ ತಾನೆ? ಹತ್ತಡಿಯ ಹಾಲಿನೊಳಗೆ ಈ ವಾದವನ್ನು ಖಂಡಿಸುವುದು ಕಷ್ಟ. ಬೇಲೂರಿನಲ್ಲಿ ಸುಲಭ. ಅಗ್ಗದ ಮೊಬೈಲಿನಲ್ಲಿ ಟೆಲಿಫೋಟೊ ಲೆನ್ಸೇ ಇರುವುದಿಲ್ಲ. ಎರಡು ಬೆರಳಲ್ಲಿ ಹಿಗ್ಗಿಸಿದಾಗ ದೊಡ್ಡದಾಗುವುದು ಮದನಿಕೆಯಲ್ಲ, ಪಿಕ್ಸೆಲ್. ಟೆಲಿಫೋಟೊ ಇರುವ ಮೊಬೈಲಿನ ಬೆಲೆಗೆ ನಮ್ಮ ಸೆಕೆಂಡ್‌ಹ್ಯಾಂಡ್ ಝೂಮ್ ಬಂದು ಬೇಲೂರಿಗೆ ಹೋಗಿಬರುವ ಖರ್ಚೂ ಮಿಗುತ್ತದೆ. ಇಷ್ಟರ ಮಟ್ಟಿಗೆ ಸಿದ್ಧಾಂತ ಭದ್ರ. ಆದರೆ ಇದೇ ಪ್ರತಿವಾದಿ ಟಿಟಿಯ ಮುಂದಿನ ಸೀಟಿನಿಂದ ಹಿಂದೆ ತಿರುಗಿ, ‘ಇರೋ ಲೆನ್ಸಿಗೆ ಏನಾಗಿದೆ, ಮತ್ತೊಂದು ಯಾಕೆ?’ ಎಂದು ಕೇಳಿದರೆ, ಆ ಪ್ರಶ್ನೆಗೆ ಕ್ಷೇತ್ರದ ವಿದ್ವಾಂಸರೆಲ್ಲ ಈವರೆಗೆ ಒಮ್ಮತದಿಂದ ಕೊಟ್ಟಿರುವ ಉತ್ತರ ಒಂದೇ: ‘ಒಂದ್ನಿಮಿಷ, ಹೇಳ್ತೀನಿ.’