ಎದುರುಗಾಳಿಯ ಮಹಿಮೆ

ಬೆಂಗಳೂರಿನ ಕಚೇರಿಗಳಲ್ಲಿ ಇಂಗ್ಲಿಷ್ ಮೇಲ್ ಬರೆಯುವವರ ಮೇಲೆ ಕೆಲವರಿಗೆ ವಿನಾಕಾರಣ ಸಿಟ್ಟು. ಎಸಿ ಕೋಣೆಯಲ್ಲಿ ಕಿಟಕಿ ಕೂಡ ತೆರೆಯದೆ ಕೂತು, ಬರೆಯುವಾಗ ಮಾತ್ರ ಗಾಳಿ, ಗುಡುಗು, ಹಿಮಪಾತ ಸುರಿಸುತ್ತಾರಂತೆ. ಸುರಿಸಲಿ ಬಿಡಿ. ಕಾಸು ಖರ್ಚಿಲ್ಲದೆ ಇಷ್ಟು ಜನರ ಮಾನ ಕಾಪಾಡಿದ ಮಾತುಗಳು ಬೇರೆ ಎಲ್ಲಿವೆ?

ಮೊದಲ ತಾಂಬೂಲ ‘ಹೆಡ್‌ವಿಂಡ್ಸ್’ಗೇ ಸಲ್ಲಬೇಕು. ಹಡಗು, ವಿಮಾನಗಳನ್ನು ಹಿಂದಕ್ಕೆ ನೂಕುವ ಈ ಎದುರುಗಾಳಿ ಈಗ ಮೂರು ತಿಂಗಳಿಗೊಮ್ಮೆ, ಕಂಪನಿಗಳು ಲೆಕ್ಕ ಒಪ್ಪಿಸುವ ಹೊತ್ತಿಗೆ ಸರಿಯಾಗಿ ಬೀಸುತ್ತದೆ. ಲಾಭ ಇಳಿಯಿತೆ? ಎದುರುಗಾಳಿ. ದೊಡ್ಡ ಗಿರಾಕಿ ಕೈಬಿಟ್ಟನೆ? ಎದುರುಗಾಳಿ. ಈ ವರ್ಷ ಇನ್‌ಕ್ರಿಮೆಂಟ್ ಇಲ್ಲವೆ? ಅದೇ ಗಾಳಿ. ಲೆಕ್ಕ ತಪ್ಪಿದ ಮ್ಯಾನೇಜರ್‌ಗಾದರೆ ಮೆಮೊ ಕೊಡಬಹುದು. ಗಾಳಿಗೆ ಯಾರು ಕೊಡುತ್ತಾರೆ? ‘ಟೈಲ್‌ವಿಂಡ್ಸ್’ ಎಂಬ ತಂಗಿಯೂ ಇದಕ್ಕಿದ್ದಾಳೆ, ಹಿಂದಿನಿಂದ ತಳ್ಳಿ ನೆರವಾಗುವವಳು. ಆದರೆ ಬಹಳ ಸಂಕೋಚದವಳು. ಲಾಭ ಏರಿದ ವರ್ಷ ‘ದೂರದೃಷ್ಟಿಯ ನಾಯಕತ್ವ’ಕ್ಕೆ ಹಾರ ಬೀಳುವಾಗ ಅವಳು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಾಳೆ.

‘ಪರ್ಫೆಕ್ಟ್ ಸ್ಟಾರ್ಮ್’ ಇನ್ನೂ ಘನವಾದದ್ದು. 1991ರ ಅಕ್ಟೋಬರ್ ಕೊನೆಯಲ್ಲಿ ಅಟ್ಲಾಂಟಿಕ್ ಸಾಗರದಲ್ಲೆದ್ದ ಚಂಡಮಾರುತಕ್ಕೆ ‘ಆಂಡ್ರಿಯಾ ಗೇಲ್’ ಎಂಬ ಮೀನುಗಾರಿಕೆ ದೋಣಿ ಆರು ಮಂದಿಯ ಸಮೇತ ಕಾಣೆಯಾಯಿತು. ಸೆಬಾಸ್ಟಿಯನ್ ಯುಂಗರ್ 1997ರಲ್ಲಿ ಅದರ ಮೇಲೆ ಇದೇ ಹೆಸರಿನ ಪುಸ್ತಕ ಬರೆದರು, 2000ದಲ್ಲಿ ಸಿನಿಮಾ ಬಂತು, ಮಾತು ಮನೆಮಾತಾಯಿತು. ನಮ್ಮಲ್ಲಿ ಸರ್ವರ್ ಕೈಕೊಟ್ಟ ಮಧ್ಯಾಹ್ನವೇ ಟೀಮ್ ಲೀಡ್ ತಿರುಪತಿಗೆ ಹೋಗಿದ್ದರೆ ಅದೂ ಪರ್ಫೆಕ್ಟ್ ಸ್ಟಾರ್ಮ್. ಫ್ರಿಜ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಮಂಜುಗಡ್ಡೆ ಕಾಣದ ಬನಶಂಕರಿಯ ಹುಡುಗ ಸೋಮವಾರ ಬೆಳಗ್ಗೆ ‘ಸ್ನೋಡ್ ಅಂಡರ್’, ಅಂದರೆ ಕೆಲಸದ ಹಿಮದಡಿ ಹೂತುಹೋಗಿದ್ದೇನೆ, ಎಂದು ಬರೆದರೂ ಯಾರೂ ನಗುವುದಿಲ್ಲ. ಶಿಸ್ತು ಎಂದರೆ ಇದು.

‘ರೈನ್ ಚೆಕ್’ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ. ಮಳೆಯಿಂದ ಬೇಸ್‌ಬಾಲ್ ಪಂದ್ಯ ನಿಂತರೆ ಟಿಕೆಟ್‌ನ ಅರ್ಧ ಚೀಟಿ ತೋರಿಸಿ ಇನ್ನೊಂದು ದಿನ ಆಟ ನೋಡಬಹುದಿತ್ತು. ಪಾಪ, ಅವರು ಆ ಇನ್ನೊಂದು ದಿನವನ್ನು ನಿಜವಾಗಿಯೂ ಕೊಡುತ್ತಿದ್ದರು. ನಾವು ಅದನ್ನು ತಿದ್ದಿದ್ದೇವೆ. ಗೃಹಪ್ರವೇಶದ ಊಟಕ್ಕೆ ಕರೆದವರಿಗೆ ‘ವಿಲ್ ಟೇಕ್ ಎ ರೈನ್ ಚೆಕ್’ ಎಂದು ವಾಟ್ಸ್‌ಆ್ಯಪ್ ಮಾಡಿದರೆ ಮುಗಿಯಿತು. ಮಳೆಯೂ ಇಲ್ಲ, ಚೀಟಿಯೂ ಇಲ್ಲ. ‘ಬರಕ್ಕಾಗಲ್ಲ ಕಣಪ್ಪ’ ಎಂಬುದರಲ್ಲಿ ಈ ಗಾಂಭೀರ್ಯ ಎಲ್ಲಿ ಬರಬೇಕು?

ಇನ್ನು ‘ಕ್ಲೌಡ್’. ಹೆಸರಿಗೆ ಮೋಡ, ಇರುವುದು ನೆಲದ ಮೇಲೆ, ಬೀಗ ಹಾಕಿದ ಕಟ್ಟಡದಲ್ಲಿ. ರಾತ್ರಿ ಹಗಲು ಕರೆಂಟು ಬೇಕು, ಕಾದ ಯಂತ್ರಗಳನ್ನು ತಂಪಾಗಿಡಲು ಎಷ್ಟೋ ಕಡೆ ನೀರೂ ಬೇಕು. ಮಳೆ ಸುರಿಸದೆ ನೀರು ಕುಡಿಯುವ ಮೋಡವನ್ನು ಕಾಳಿದಾಸನೂ ಕಂಡಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹಳೆಯ ಕಾಲದ ಮೋಡಗಳು ಬೆಳ್ಳಂದೂರಿನ ಮೇಲೆ ಇಳಿದುಬಂದು ರಸ್ತೆ ಮುಳುಗಿಸಿದಾಗ ಕ್ಲೌಡ್‌ನಲ್ಲೇ ಬದುಕು ಕಟ್ಟಿಕೊಂಡವರು ಲ್ಯಾಪ್‌ಟಾಪ್ ಬ್ಯಾಗ್ ಎದೆಗವಚಿಕೊಂಡು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಐವತ್ತು ರೂಪಾಯಿ ಕೊಟ್ಟು ಟ್ರೇಲರ್‌ನಲ್ಲಿ ನಿಂತಾಗ ಯಾರಿಗೂ ರೂಪಕ ಹೊಳೆದಂತಿಲ್ಲ. ನೀರು ಎಷ್ಟಿದೆ, ಮುಂದಕ್ಕೆ ಹೋಗುತ್ತಾ ಎಂಬಷ್ಟೇ ಮಾತು. ಮಳೆ ಭಾಷೆಯನ್ನು ಹೀಗೆ ಕೆಡಿಸುತ್ತದೆ.

ಈ ಸಂಪತ್ತು ಇನ್ನೂ ತಲುಪದವರು ನಮ್ಮ ರೈತರು. ಆರಿದ್ರಾ, ಪುನರ್ವಸು, ಮಘೆ ಎಂದು ಒಂದೊಂದು ಮಳೆಗೂ ಹೆಸರಿಟ್ಟು ಕರೆಯುತ್ತಾರೆ, ಆದರೆ ಅದರ ಮೇಲೆ ತಪ್ಪು ಹೊರಿಸಿ ಪಾರಾಗುವ ಕಲೆ ತಿಳಿಯದು. ಆಲಿಕಲ್ಲು ಬಿದ್ದು ದ್ರಾಕ್ಷಿ ಉದುರಿದರೆ ಸರ್ಕಾರಿ ಕಚೇರಿಗೆ ಹೋಗಿ ‘ಆಲಿಕಲ್ಲು ಬಿತ್ತು ಸ್ವಾಮಿ, ದ್ರಾಕ್ಷಿ ಉದುರಿತು’ ಎನ್ನುತ್ತಾರೆ. ಇಂಥ ಬರಿಗಾಲಿನ ಮಾತನ್ನು ಯಾರು ನಂಬುತ್ತಾರೆ? ಪಹಣಿ ಎಲ್ಲಿ, ಫೋಟೊ ಎಲ್ಲಿ, ಜಂಟಿ ಸಮೀಕ್ಷೆ ಆಯಿತೆ ಎಂಬ ಪ್ರಶ್ನೆಗಳು. ಫಸಲ್ ಬಿಮಾ ಮಾಡಿಸಿದ್ದರೆ, ಆಲಿಕಲ್ಲಿನಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಕಂಪನಿಯ ಎದುರುಗಾಳಿಗೆ ಇಂಥ ಗಡುವಿಲ್ಲ. ಅದು ಯಾವ ದಿಕ್ಕಿನಿಂದ ಬಂತು ಎಂದು ಕೂಡ ಯಾರೂ ಕೇಳುವುದಿಲ್ಲ. ಬ್ಯಾಂಕಿನವರು ಸಾಲದ ಕಂತು ಕೇಳಿದಾಗ ನಮ್ಮ ರೈತ ‘ಬೆಳೆ ಹೋಯ್ತು’ ಎನ್ನುವ ಬದಲು ‘ಈ ತ್ರೈಮಾಸಿಕದಲ್ಲಿ ಹೆಡ್‌ವಿಂಡ್ಸ್ ಇತ್ತು, ಮುಂದಿನದರ ಬಗ್ಗೆ ಎಚ್ಚರಿಕೆಯ ಆಶಾವಾದವಿದೆ’ ಎನ್ನುವಂತಾಗಬೇಕು. ಆದ್ದರಿಂದ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳಲ್ಲಿ ಬಿತ್ತನೆ ಬೀಜದ ಜತೆ ಈ ಇಂಗ್ಲಿಷನ್ನೂ ಸಬ್ಸಿಡಿ ದರದಲ್ಲಿ, ಮುಂಗಾರಿಗೆ ಮೊದಲೇ ವಿತರಿಸಬೇಕೆಂದು ಕೃಷಿ ಇಲಾಖೆಯನ್ನು ಕೋರುತ್ತೇನೆ.